ಚಿತ್ರಕಾರ ಸಹೋದರ ಅಂತೋನಿಯೊ ಮೊಸ್ಕೇನಿ

ಶತಮಾನೋತ್ಸವದ ಸಿದ್ಧತೆಯ ವೇಳೆ, ನಮ್ಮ ದೇವಾಲಯದ ಕಿರುಪೀಠದ ಮೇಲಿರುವ ಹಳೆಯ ಚಿತ್ರಕ್ಕೆ ಹೊಸ ಬಣ್ಣ ಬಳಿಸಬೇಕೆಂಬ ಸಲಹೆ ಬಂದಿತು. ಸಲಹೆಯ ಹಿಂದಿನ ಭಕ್ತಿಯನ್ನು ನಾನು ಬಲ್ಲೆ. ಆದರೂ ಉತ್ತರಿಸುವ ಮೊದಲು ನನಗೆ ಸಹೋದರ ಮೊಸ್ಕೇನಿಯವರ ನೆನಪಾಯಿತು. ಅವರ ವೃತ್ತಾಂತವನ್ನು ಈ ಸಂಚಿಕೆಯಲ್ಲಿ ಬರೆದಿಡುವುದು ಅಪ್ರಸ್ತುತವಾಗಲಾರದು.

ಇಟಲಿಯ ಬೆರ್ಗಮೊ ನಗರದ ಸಮೀಪದ ಸ್ತೆತ್ಸಾನೊದಲ್ಲಿ 1854ರಲ್ಲಿ ಜನಿಸಿದ ಇವರು ಬೆರ್ಗಮೊದ ಕಲಾಶಾಲೆಯಲ್ಲಿ ಅಭ್ಯಾಸ ಮಾಡಿದರು. 1889ರಲ್ಲಿ, ನುರಿತ ಚಿತ್ರಕಾರರಾಗಿದ್ದಾಗಲೇ, ಯೇಸುಸಭೆಯನ್ನು ಸೇರಿದರು. ಗುರುದೀಕ್ಷೆ ಪಡೆಯದೆ ಸಹೋದರರಾಗಿಯೇ ಉಳಿದರು. ಅಂದಿನಿಂದ ಅವರ ಕುಂಚ ಸಭೆಯ ಹಿರಿಯರು ಕಳುಹಿಸಿದಲ್ಲಿಗೆ ಹೋಯಿತು. ಹೀಗೆ, ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಿದ್ದಾಗ, ಅವರು ಮಂಗಳೂರಿಗೆ ಬಂದರು.

ಲೈಟ್‌ಹೌಸ್ ಗುಡ್ಡದ ಮೇಲಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ, ಕಮಾನು, ಛಾವಣಿಗಳನ್ನು ಸುಮಾರು ಎರಡೂವರೆ ವರ್ಷಗಳಲ್ಲಿ ಅವರು ಚಿತ್ರಮಯವಾಗಿಸಿದರು. ಕೆಲವನ್ನು ಹಸಿ ಗಾರೆಯ ಮೇಲೆಯೂ ಕೆಲವನ್ನು ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿಯೂ ಬರೆದರು. ಹಸಿ ಗಾರೆಯ ಕೆಲಸ ಕ್ಷಮೆಯಿಲ್ಲದ ಕೆಲಸ. ಒಂದು ದಿನಕ್ಕೆ ಬೇಕಾದಷ್ಟೇ ಸುಣ್ಣದ ಗಾರೆ ಮೆತ್ತಬೇಕು. ಅದು ಆರುವುದರೊಳಗೆ ಬಣ್ಣ ಹಚ್ಚಿ ಮುಗಿಸಬೇಕು. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಆರಂಭಿಸಬೇಕು. ಇದನ್ನು ಕರಾವಳಿಯ ಮಳೆಗಾಲದ ತೇವದಲ್ಲಿ, ಅಟ್ಟಣಿಗೆಯ ಮೇಲೆ ಮಾಡುವುದೆಂದರೇನೆಂದು ಸುಣ್ಣ ಹೊಡೆದವರಿಗೆ ಹೇಳಬೇಕಿಲ್ಲ.

ಛಾವಣಿಯಲ್ಲಿ ಸಂತ ಅಲೋಶಿಯಸರ ಜೀವನವಿದೆ. ಸಂತ ಚಾರ್ಲ್ಸ್ ಬೊರ್ರೊಮಿಯೊ ಅವರ ಕೈಯಿಂದ ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಬಾಲಕನೇ, ಪಿತ್ರಾರ್ಜಿತ ಪದವಿಯನ್ನು ತ್ಯಜಿಸಿ, ರೋಮಿನಲ್ಲಿ ಪ್ಲೇಗು ಪೀಡಿತರ ಸೇವೆ ಮಾಡಿ, 1591ರಲ್ಲಿ 23ನೆಯ ವಯಸ್ಸಿನಲ್ಲಿ ತೀರಿಕೊಂಡ. ಸಂತನೂ ಚಿತ್ರಕಾರನೂ ಲೊಂಬಾರ್ಡಿಯ ಮಣ್ಣಿನವರೇ. ಸೆಮಿನರಿಯ ದಿನಗಳಲ್ಲಿ ಅಲ್ಲಿಗೆ ಹೋದಾಗಲೆಲ್ಲ ನಾನು ಕತ್ತೆತ್ತಿ ನೋಡಿದ್ದು ಆ ರೋಗಿಗಳ ಮುಖಗಳನ್ನೇ. ಪ್ರಾರ್ಥನೆಯ ಕಡೆಗೆ ಗಮನ ಕಡಿಮೆಯಾಯಿತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಅನಂತರ ಕೊಚ್ಚಿಯ ಸಾಂತಾ ಕ್ರೂಸ್ ಪ್ರಧಾನಾಲಯದ ಕೆಲಸ. ಅಲ್ಲಿ ಅವರ ಜೊತೆಗೆ ಮಂಗಳೂರಿನ ಶಿಷ್ಯ ಡಿ ಗಾಮಾ ಇದ್ದರು. ಕ್ರಿಸ್ತನ ಯಾತನೆಯ ದೊಡ್ಡ ಚಿತ್ರಗಳೂ, ಲಿಯೊನಾರ್ಡೊ ಅವರ ಕೃತಿಯನ್ನು ಅನುಸರಿಸಿದ ಕಡೆಯ ಭೋಜನವೂ ಆ ದೇವಾಲಯದಲ್ಲಿವೆ. ಅದರ ಪ್ರತಿಷ್ಠಾಪನೆ ನಡೆದದ್ದು 1905ರ ನವೆಂಬರ್ 19ರಂದು. ಸಹೋದರ ಮೊಸ್ಕೇನಿ ಅದನ್ನು ಕಾಣಲಿಲ್ಲ. ನವೆಂಬರ್ 15ರಂದೇ, 51ನೆಯ ವಯಸ್ಸಿನಲ್ಲಿ, ಕೊಚ್ಚಿಯಲ್ಲಿ ಕಣ್ಮುಚ್ಚಿದ್ದರು.

ಮಂಗಳೂರಿನ ಚಿತ್ರಗಳು ತೇವದಿಂದಲೂ ಧೂಳಿನಿಂದಲೂ ಕಳೆಗುಂದಿದಾಗ ಅವುಗಳ ಮೇಲೆ ಹೊಸ ಚಿತ್ರ ಬರೆಸಲಿಲ್ಲ. 1990ರ ದಶಕದಲ್ಲಿ ಬಲ್ಲ ತಜ್ಞರು ಬಂದು, ಕೊಳೆ ತೆಗೆದು, ಬಿರುಕು ಮುಚ್ಚಿ ಅವನ್ನು ಉಳಿಸಿದರು.

ನಾನು ಎಳೆಯ ಗುರುವಾಗಿದ್ದಾಗ ಸೇವೆ ಸಲ್ಲಿಸಿದ ಒಂದು ಇಗರ್ಜಿಯಲ್ಲಿ, ಹಬ್ಬದ ಅವಸರದಲ್ಲಿ, ಹಳೆಯ ಮಾತೆಯ ಚಿತ್ರವೊಂದಕ್ಕೆ ಎನಾಮೆಲ್ ಬಣ್ಣ ಹೊಡೆಯಲು ನಾನೇ ಒಪ್ಪಿಗೆ ಕೊಟ್ಟಿದ್ದೆ. ಜನ ಸಂತೋಷಪಟ್ಟರು. ಒಬ್ಬ ವೃದ್ಧೆ ಮಾತ್ರ ಬಲಿಪೂಜೆಯ ಬಳಿಕ ಬಂದು, ತನ್ನ ತಾಯಿ ಕೈಮುಗಿಯುತ್ತಿದ್ದ ಮುಖ ಎಲ್ಲಿ ಹೋಯಿತೆಂದು ಕೇಳಿದರು. ನಮ್ಮ ಕಿರುಪೀಠದ ಚಿತ್ರವನ್ನು ಸದ್ಯಕ್ಕೆ ಯಾರೂ ಮುಟ್ಟಬಾರದೆಂದು ಸಮಿತಿಗೆ ತಿಳಿಸಿದ್ದೇನೆ.