ಕಾಲೇಜಿನ ಬಾನುಲಿ, ಊರಿನ ದನಿ



ನಮ್ಮ ಚಿಕ್ಕೋಡಿ ಸೀಮೆಯಲ್ಲಿ ರೇಡಿಯೋ ಕೇಳಿ ಬೆಳೆದವರಿಗೆಲ್ಲ ಒಂದು ಅನುಭವ ಸಾಮಾನ್ಯವಾಗಿರುತ್ತದೆ. ಮುಳ್ಳನ್ನು ಧಾರವಾಡಕ್ಕೆ ನಿಲ್ಲಿಸಿದರೆ ಕನ್ನಡ, ತುಸು ಸರಿಸಿದರೆ ಸಾಂಗಲಿಯ ಮರಾಠಿ. ಧಾರವಾಡ ನಿಲಯ ಶುರುವಾದದ್ದು 1950ರ ಜನವರಿ 8ರಂದು, ಸಾಂಗಲಿಯದು 1963ರಲ್ಲಿ. ಕಬ್ಬೂರಿನ ಹೊಲದಲ್ಲಿ ಕಬ್ಬಿಗೆ ನೀರು ಹಾಯಿಸುತ್ತ ಈ ಎರಡೂ ನಿಲಯಗಳನ್ನು ಕೇಳಿದ ಹಿರಿಯರು ಇಂದಿಗೂ ಇದ್ದಾರೆ. ಎರಡೂ ನಮಗೆ ಉಪಕಾರ ಮಾಡಿವೆ, ಅದನ್ನು ಮರೆಯಬಾರದು. ಆದರೆ ಹೇಳುವವರು ಅಲ್ಲಿದ್ದರು, ಕೇಳುವವರು ನಾವಿದ್ದೆವು. ಕಬ್ಬೂರಿನವರು ಹೇಳಿ ಕಬ್ಬೂರಿನವರೇ ಕೇಳುವ ಬಾನುಲಿ ಎಂಬುದು ಯಾರ ಕಲ್ಪನೆಯಲ್ಲೂ ಇರಲಿಲ್ಲ.

ಅಂಥ ಬಾನುಲಿ ಇಂದು ನಾಡಿನ ಹಲವು ಕಾಲೇಜುಗಳ ಆವರಣದಲ್ಲಿದೆ. ಅದು ಹೇಗೆ ಬಂತು, ಅದನ್ನು ಯಾರು ಉಳಿಸಿದರು ಎಂಬುದನ್ನು ತಾವು ತಿಳಿಯಬೇಕೆಂಬುದೇ ಈ ಬರಹದ ಉದ್ದೇಶ. 'ಯಾರು ಉಳಿಸಿದರು' ಎಂಬ ಮಾತಿಗೆ ನಾನು ಹೆಚ್ಚು ಒತ್ತು ಕೊಡುತ್ತೇನೆ. ಶುರು ಮಾಡಿದವರ ಹೆಸರು ಕಲ್ಲಿನ ಮೇಲೆ ಇರುತ್ತದೆ. ಉಳಿಸಿದವರ ಹೆಸರು ಸಾಮಾನ್ಯವಾಗಿ ಎಲ್ಲಿಯೂ ಇರುವುದಿಲ್ಲ.

ಕನ್ನಡನಾಡಿನ ಬಾನುಲಿಯ ಕಥೆ ಒಬ್ಬ ಕಾಲೇಜು ಮೇಷ್ಟರಿಂದಲೇ ಆರಂಭವಾಗುತ್ತದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ಪ್ರಸಿದ್ಧ ವಿದ್ವಾಂಸರ ಕೈಕೆಳಗೆ ಓದಿ ಬಂದವರು. 1935ರ ಸೆಪ್ಟೆಂಬರ್ 10ರಂದು ಅವರು ಒಂಟಿಕೊಪ್ಪಲಿನ ತಮ್ಮ ಸ್ವಂತ ಮನೆ 'ವಿಠಲ ವಿಹಾರ'ದಲ್ಲಿ 30 ವ್ಯಾಟಿನ ಪ್ರೇಷಕ ಯಂತ್ರವನ್ನಿಟ್ಟು ಪ್ರಸಾರ ಪ್ರಾರಂಭಿಸಿದರು. 30 ವ್ಯಾಟ್ ಎಂದರೆ ಎಷ್ಟು? ನಮ್ಮ ಮನೆಗಳಲ್ಲಿ ಹಿಂದೆ ಉರಿಯುತ್ತಿದ್ದ ಬಲ್ಬು ಕೂಡ ಇದಕ್ಕಿಂತ ಹೆಚ್ಚಿನದು! ಅಷ್ಟರಲ್ಲೇ ಮೈಸೂರು ನಗರ ಮಾತನಾಡಿತು. ಅದಕ್ಕೆ ಇಟ್ಟ ಹೆಸರು 'ಆಕಾಶವಾಣಿ'. ಹೆಸರು ಸೂಚಿಸಿದವರು ಅದೇ ಕಾಲೇಜಿನಲ್ಲಿದ್ದ ನಾ. ಕಸ್ತೂರಿಯವರು ಎಂಬ ಮಾತು ರೂಢಿಯಲ್ಲಿದೆ. ಮುಂದೆ 1950ರ ದಶಕದಲ್ಲಿ ಕೇಂದ್ರ ಸರ್ಕಾರವು ಇಡೀ ದೇಶದ ರೇಡಿಯೋಗೆ ಅದೇ ಹೆಸರನ್ನು ತೆಗೆದುಕೊಂಡಿತು. 2023ರಲ್ಲಂತೂ 'ಆಲ್ ಇಂಡಿಯಾ ರೇಡಿಯೋ' ಎಂಬ ಇಂಗ್ಲಿಷ್ ಹೆಸರನ್ನೇ ಕೈಬಿಟ್ಟು 'ಆಕಾಶವಾಣಿ' ಒಂದನ್ನೇ ಉಳಿಸಿಕೊಳ್ಳಲಾಯಿತು. ಮೈಸೂರಿನ ಒಂದು ಮನೆಯ ಬಾಗಿಲಿನಿಂದ ಹೊರಟ ಹೆಸರು ಇಡೀ ದೇಶದ ಹೆಸರಾಯಿತು.

ಆರು ವರ್ಷಗಳಿಗೂ ಹೆಚ್ಚು ಕಾಲ ಗೋಪಾಲಸ್ವಾಮಿಯವರು ಈ ನಿಲಯವನ್ನು ಸ್ವಂತ ಖರ್ಚಿನಿಂದ ನಡೆಸಿದರು. ಮೇಷ್ಟರ ಸಂಬಳ, ಮನೆಯ ಜಾಗ, ಹಾಡಲು ಮತ್ತು ಮಾತನಾಡಲು ಬರುವ ಊರಿನ ವಿದ್ವಾಂಸರು ಹಾಗೂ ಕಾಲೇಜಿನ ಸಹೋದ್ಯೋಗಿಗಳು ಇವಿಷ್ಟೇ ಬಂಡವಾಳ. ಆದರೆ ಒಬ್ಬನ ಜೇಬು ಎಷ್ಟು ದಿನ ಬರುತ್ತದೆ? 1942ರಲ್ಲಿ ನಿಲಯವು ಮೈಸೂರು ಸಂಸ್ಥಾನದ ಕೈಗೆ ಹೋಯಿತು. 1955ರಲ್ಲಿ ಅದು ಬೆಂಗಳೂರಿಗೆ ಸ್ಥಳಾಂತರವಾದಾಗ, ಆಕಾಶವಾಣಿಗೆ ಹೆಸರು ಕೊಟ್ಟ ಊರಿನಲ್ಲಿಯೇ ಆಕಾಶವಾಣಿ ಇಲ್ಲದಂತಾಯಿತು! ಮತ್ತೆ ಮೈಸೂರಿನಲ್ಲಿ ನಿಲಯವಾದದ್ದು 1974ರಲ್ಲಿ.

ಇದೇ ಕಾಲದಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕ್ಯಾಲಿಫೋರ್ನಿಯಾದ ಬರ್ಕಲಿ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ ಲೂಯಿಸ್ ಹಿಲ್ ಎಂಬವರು 1949ರ ಏಪ್ರಿಲ್‌ನಲ್ಲಿ ಕೆ.ಪಿ.ಎಫ್.ಎ. ಎಂಬ ನಿಲಯ ತೆರೆದರು. ಅದಕ್ಕೆ ಜಾಹೀರಾತು ಇಲ್ಲ, ಸರ್ಕಾರದ ಹಣ ಇಲ್ಲ. ಕೇಳುವವರು ಚಂದಾ ಕೊಡಬೇಕು ಎಂಬುದು ಅವರ ವಿಚಾರ. ಮರುವರ್ಷವೇ ಹಣ ಮುಗಿದು ನಿಲಯ ಮೌನವಾಯಿತು. ಆಗ ಕೇಳುಗರೇ ಸಭೆ ಸೇರಿ ಹಣ ಕೂಡಿಸಿ 1951ರಲ್ಲಿ ಅದನ್ನು ಮತ್ತೆ ಎಬ್ಬಿಸಿದರು. ಇಂದಿಗೂ ಅದು ನಡೆಯುತ್ತಿದೆ. ಮೈಸೂರಿನವರು ಕಡಿಮೆ, ಬರ್ಕಲಿಯವರು ಹೆಚ್ಚು ಎಂದು ಹೇಳಲು ಈ ಮಾತು ತೆಗೆಯಲಿಲ್ಲ. ಆ ಕಾಲದಲ್ಲಿ ನಮ್ಮಲ್ಲಿ ರೇಡಿಯೋ ಪೆಟ್ಟಿಗೆ ಇದ್ದ ಮನೆಗಳೇ ಬೆರಳೆಣಿಕೆಯಷ್ಟು, ಚಂದಾ ಕೇಳುವುದಾದರೂ ಯಾರನ್ನು? ಆದರೂ ಎರಡೂ ಕಥೆಗಳು ಒಂದೇ ಪ್ರಶ್ನೆಯ ಮುಂದೆ ನಿಲ್ಲುತ್ತವೆ.

ಸ್ವಾತಂತ್ರ್ಯಾನಂತರ ರೇಡಿಯೋ ಪೂರ್ತಿಯಾಗಿ ಸರ್ಕಾರದ ವಶದಲ್ಲಿತ್ತು. ಆದರೂ 1956ರ ಒಂದು ಪ್ರಯೋಗವನ್ನು ಹೇಳದೆ ಮುಂದೆ ಹೋಗಲಾರೆ. ಆಗ ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಅದೇ ರಾಜ್ಯದ ಮರಾಠಿ ಭಾಗದ 5 ಜಿಲ್ಲೆಗಳ 150 ಹಳ್ಳಿಗಳಲ್ಲಿ ಪುಣೆ ಆಕಾಶವಾಣಿಯು ಯುನೆಸ್ಕೋ ನೆರವಿನಿಂದ 'ಗ್ರಾಮೀಣ ಬಾನುಲಿ ವೇದಿಕೆ'ಗಳನ್ನು ಏರ್ಪಡಿಸಿತು. ವಾರಕ್ಕೆ ಎರಡು ದಿನ ಅರ್ಧ ಗಂಟೆಯಂತೆ ಒಟ್ಟು 20 ಕಾರ್ಯಕ್ರಮಗಳು. ಹಳ್ಳಿಯ ಜನ ಗುಂಪಾಗಿ ಕುಳಿತು ಕೇಳುವುದು, ಕೇಳಿದ ಮೇಲೆ ಚರ್ಚಿಸುವುದು, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳಿಸುವುದು. ಪಾಲ್ ನ್ಯೂರಾತ್ ಎಂಬ ಸಮಾಜಶಾಸ್ತ್ರಜ್ಞರು ಇದನ್ನು ಅಭ್ಯಾಸ ಮಾಡಿದಾಗ, ವೇದಿಕೆ ಇದ್ದ ಹಳ್ಳಿಗಳವರು ಉಳಿದವರಿಗಿಂತ ಬಹಳ ಹೆಚ್ಚು ತಿಳಿದುಕೊಂಡಿದ್ದರು. ಪೆಟ್ಟಿಗೆಯೊಂದೇ ಆ ಕೆಲಸ ಮಾಡಲಿಲ್ಲ, ಪೆಟ್ಟಿಗೆಯ ಸುತ್ತ ಕುಳಿತ ಜನ ಮಾಡಿದರು.

ಇನ್ನು ಕಾನೂನಿನ ಬದಲಾವಣೆ ಬಂದದ್ದು ಕ್ರಿಕೆಟ್‌ನಿಂದ ಎಂದರೆ ವಿದ್ಯಾರ್ಥಿ ಮಿತ್ರರಿಗೆ ಆಶ್ಚರ್ಯವಾಗಬಹುದು. 1993ರ ಹೀರೋ ಕಪ್ ಪಂದ್ಯಗಳನ್ನು ಯಾರು ಪ್ರಸಾರ ಮಾಡಬೇಕೆಂಬ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರವರಿ 9ರಂದು ಕೋರ್ಟು ತೀರ್ಪು ಕೊಟ್ಟು, ತರಂಗಾಂತರಗಳು ಸಾರ್ವಜನಿಕರ ಆಸ್ತಿ ಎಂದು ಸಾರಿತು. ಮರುವರ್ಷ ಬೆಂಗಳೂರಿನಲ್ಲಿ ಸೇರಿದ ಬಾನುಲಿ ಹಿತೈಷಿಗಳು 'ಬೆಂಗಳೂರು ಘೋಷಣೆ'ಯ ಮೂಲಕ ಸಮುದಾಯ ಬಾನುಲಿಗೆ ಅವಕಾಶ ಬೇಡಿದರು.

ಬೇಡಿಕೆ ಈಡೇರುವವರೆಗೆ ಕೈಕಟ್ಟಿ ಕೂರದವರು ಬೂದಿಕೋಟೆಯವರು. ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಈ ಊರು ನವಾಬ್ ಹೈದರಲಿಯವರ ಜನ್ಮಸ್ಥಳವೆಂದು ನಾವು ಶಾಲೆಯಲ್ಲಿ ಓದಿದ್ದೇವೆ. ಬಾನುಲಿ ಇತಿಹಾಸದಲ್ಲಿಯೂ ಅದಕ್ಕೆ ಸ್ಥಾನವಿದೆ ಎಂಬುದು ಬಹಳ ಜನರಿಗೆ ತಿಳಿಯದು. 2001ರ ನಂತರ ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೋ ನೆರವಿನೊಡನೆ ಅಲ್ಲಿ 'ನಮ್ಮ ಧ್ವನಿ'ಯನ್ನು ಕಟ್ಟಿದವು. ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿ ಇರಲಿಲ್ಲವಲ್ಲ, ಏನು ಮಾಡಿದರು ಗೊತ್ತೇ? ಮೊದಲು ಸ್ವಸಹಾಯ ಸಂಘಗಳ ಸಭೆಯಲ್ಲಿ ಟೇಪು ಹಾಕಿ ಕೇಳಿಸಿದರು. ಆಮೇಲೆ ಟೀವಿ ಕೇಬಲ್ಲಿನ ತಂತಿಯಲ್ಲೇ ದನಿಯನ್ನು ಹರಿಸಿ ಮನೆಗಳಿಗೆ ಮುಟ್ಟಿಸಿದರು. ಗಾಳಿಗೆ ಪರವಾನಗಿ ಬೇಕು, ತಂತಿಗೆ ಬೇಡ! ಧ್ವನಿಮುದ್ರಣ ಕಲಿತವರು ಊರಿನ ಯುವಕ ಯುವತಿಯರು, ಬೆನ್ನಿಗೆ ನಿಂತವರು ಸಂಘದ ಹೆಣ್ಣುಮಕ್ಕಳು. ಯಾವ ವಿಷಯ ಬೇಕು, ಯಾರು ಮಾತನಾಡಬೇಕು ಎಂಬುದು ಅವರ ನಡುವೆಯೇ ಹುಟ್ಟಿ ಬರುತ್ತಿತ್ತು.

2002ರ ಡಿಸೆಂಬರ್‌ನಲ್ಲಿ ಕೇಂದ್ರವು ಶಿಕ್ಷಣ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ನಿಲಯ 2004ರ ಫೆಬ್ರವರಿ 1ರಂದು ಮೊದಲನೆಯದಾಗಿ ಬಂತು. ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ 'ರೇಡಿಯೋ ಜಾಮಿಯಾ' 2006ರಲ್ಲಿ. ಅದೇ 2006ರ ನವೆಂಬರ್‌ನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಕೃಷಿ ವಿಶ್ವವಿದ್ಯಾಲಯಗಳಿಗೂ ಅವಕಾಶ ವಿಸ್ತರಿಸಿತು. 2007ರಲ್ಲಿ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಬಾನುಲಿ, ಬೆಂಗಳೂರಿನ ಜೈನ್ ಸಂಸ್ಥೆಯ 'ರೇಡಿಯೋ ಆಕ್ಟಿವ್' ಬಂದವು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ 'ವೇಣುಧ್ವನಿ' ಮುಂದೆ ಬಂತು.

ಇವುಗಳಲ್ಲಿ ನಾನು ತಮ್ಮ ಗಮನಕ್ಕೆ ವಿಶೇಷವಾಗಿ ತರಬಯಸುವುದು ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿನ 'ರೇಡಿಯೋ ಸಾರಂಗ್' ಅನ್ನು. 107.8 ಎಫ್.ಎಂ.ನ ಈ ನಿಲಯ 2009ರದು. ಇದು ಕ್ರೈಸ್ತ ಪಾದ್ರಿಗಳ ಕಾಲೇಜು. ಆದರೆ ಪ್ರಸಾರ ಕನ್ನಡ, ತುಳು, ಕೊಂಕಣಿಗಳ ಜೊತೆಗೆ ಬ್ಯಾರಿ ಭಾಷೆಯಲ್ಲೂ ಇತ್ತು. ಕರಾವಳಿಯ ಮುಸ್ಲಿಂ ಬಾಂಧವರ ಮನೆಮಾತಾದ ಬ್ಯಾರಿಗೆ ಸಾಹಿತ್ಯ ಅಕಾಡೆಮಿ ಬಂದದ್ದೇ 2007ರಲ್ಲಿ. ಪುಸ್ತಕಕ್ಕಿಂತ ಬಾಯಲ್ಲೇ ಹೆಚ್ಚು ಬದುಕಿದ್ದ ಭಾಷೆಯನ್ನು ಒಂದು ಕಾಲೇಜು ಗಾಳಿಗೆ ತಂದಿತು. ಓದು ಬಾರದ ತಾಯಿ ನಿಲಯದಿಂದ ತನ್ನ ಅಡುಗೆಮನೆಯ ಮಾತು ಕೇಳಿದರೆ ಅವಳಿಗೆ ಏನನ್ನಿಸಬಹುದು, ತಾವೇ ಊಹಿಸಿ. ನಮ್ಮ ಭಾಗದಲ್ಲಿ ಮನೆಯೊಳಗೆ ದಖನಿ, ಹೊಸ್ತಿಲು ದಾಟಿದರೆ ಕನ್ನಡ, ಸಂತೆಯಲ್ಲಿ ಮರಾಠಿ. ಈ ಮೂರರಲ್ಲಿ ಮೊದಲನೆಯದನ್ನು, ನಾವು ಆಡುವ ರೀತಿಯಲ್ಲಿ, ಯಾವ ನಿಲಯದಿಂದಲೂ ಕೇಳಿದ ನೆನಪು ನನಗಿಲ್ಲ.

ಈಗ ಖರ್ಚಿನ ಮಾತಿಗೆ ಬರೋಣ. ಉಪಕರಣ ಕೊಳ್ಳಲು ಸರ್ಕಾರದ ಅನುದಾನ ದೊರೆಯುತ್ತದೆ. ಕಷ್ಟ ಇರುವುದು ಎರಡನೆಯ ವರ್ಷದಲ್ಲಿ. ಉದ್ಘಾಟನೆಯ ಹಾರ ಒಣಗಿದ ಮೇಲೆ ವಿದ್ಯುತ್ ಬಿಲ್ಲು, ಇಬ್ಬರು ಮೂವರ ಸಂಬಳ, ಕೆಟ್ಟುಹೋದ ಯಂತ್ರದ ದುರಸ್ತಿ. 2012ರಲ್ಲಿ ತರಂಗಾಂತರದ ವಾರ್ಷಿಕ ಶುಲ್ಕವನ್ನು 19,700 ರೂಪಾಯಿಯಿಂದ 91,000ಕ್ಕೆ ಏರಿಸಿದಾಗ ಬಡ ನಿಲಯಗಳು ಕಂಗಾಲಾದವು. ಆ ವರ್ಷದ ಮೇ ತಿಂಗಳಲ್ಲಿ ದೇಶದ ಸಮುದಾಯ ಬಾನುಲಿಗಳು ಒಂದು ದಿನ ಮೌನ ಆಚರಿಸಿ ಪ್ರತಿಭಟಿಸಿದವು. ಮಾತನಾಡುವುದೇ ಕೆಲಸವಾದವರು ಸುಮ್ಮನಿದ್ದು ಕೇಳಿಸಿದರು, ಹೆಚ್ಚಳ ಹಿಂದಕ್ಕೆ ಹೋಯಿತು. 2024ರ ಹೊಸ ನಿಯಮಗಳಲ್ಲಿ ಗಂಟೆಗೆ 12 ನಿಮಿಷ ಜಾಹೀರಾತಿಗೆ ಅವಕಾಶವಿದೆ, ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52ರಿಂದ 74 ರೂಪಾಯಿಗೆ ಏರಿದೆ. ಲೆಕ್ಕ ಹಾಕಿದರೆ ಗಂಟೆಗೆ 5,328 ರೂಪಾಯಿ! ಇದು ಕಾಗದದ ಮೇಲಿನ ಲೆಕ್ಕ ಮಾತ್ರ, ಸಣ್ಣ ಊರಿನ ನಿಲಯಕ್ಕೆ ಅಷ್ಟು ಜಾಹೀರಾತು ಎಲ್ಲಿಂದ ಬರಬೇಕು?

ಆದ್ದರಿಂದಲೇ ಉಳಿದ ನಿಲಯಗಳೆಲ್ಲ ಜನರ ಕಡೆಗೆ ಹೋದವು. ಕಾಲೇಜಿನ ಗೇಟು ದಾಟಿ ಜಾತ್ರೆ, ಉರುಸು, ಶಾಲಾ ವಾರ್ಷಿಕೋತ್ಸವ, ಆರೋಗ್ಯ ಶಿಬಿರಗಳಿಗೆ ಮೈಕು ಒಯ್ದರೆ ಎರಡು ಲಾಭ. ಒಂದು, ಕಾರ್ಯಕ್ರಮ ಸಿಗುತ್ತದೆ. ಎರಡು, ಹಾಡಿದ ಹುಡುಗಿಯ ದನಿ ಕೇಳಲು ಅವಳ ಓಣಿಯೇ ರೇಡಿಯೋ ಹಚ್ಚುತ್ತದೆ. ಬೀದರಿಗೆ ಹತ್ತಿರದ ಜಹೀರಾಬಾದ್ ಕಡೆ 2008ರ ಅಕ್ಟೋಬರ್ 15ರಂದು ಶುರುವಾದ 'ಸಂಘಂ ರೇಡಿಯೋ'ವನ್ನು ದಲಿತ ಹೆಣ್ಣುಮಕ್ಕಳೇ ನಡೆಸಿದರು. ಹರಿಯಾಣದ ಮುಸ್ಲಿಂ ಬಾಹುಳ್ಯದ ಮೇವಾತಿನಲ್ಲಿ 2012ರಲ್ಲಿ 'ಅಲ್ಫಾಜ್-ಎ-ಮೇವಾತ್' ಬಂತು.

ಕಬ್ಬೂರಿಗೆ ಇದರಿಂದ ಏನು ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಮುದಾಯ ಬಾನುಲಿಯ ಶಕ್ತಿ 100 ವ್ಯಾಟಿಗೆ ಸೀಮಿತ, ಕಂಬದ ಎತ್ತರ ಸಾಮಾನ್ಯವಾಗಿ 30 ಮೀಟರು, ಕೇಳುವ ದೂರ ಹೆಚ್ಚೆಂದರೆ ಹತ್ತು ಹನ್ನೆರಡು ಕಿಲೋಮೀಟರು. ಬೆಳಗಾವಿಯ ವೇಣುಧ್ವನಿ ನಮಗೆ ಮುಟ್ಟುವಂತಿಲ್ಲ. ಚಿಕ್ಕೋಡಿಯಲ್ಲಿ ನಿಲಯವಾದರೂ ಕಬ್ಬೂರಿಗೆ ಸ್ಪಷ್ಟವಾಗಿ ಕೇಳುವ ಖಾತ್ರಿಯಿಲ್ಲ. ಕಬ್ಬೂರಿಗೆ ಬೇಕಾದರೆ ಕಬ್ಬೂರಿನ ಸುತ್ತಮುತ್ತಲೇ ಆಗಬೇಕು. ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯರ ಸಹಭಾಗಿತ್ವದಿಂದ ಬರಬೇಕು, ಸಲಹಾ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂಬುದು ಈಗಿನ ನಿಯಮ. ನಮ್ಮ ಸಂಸ್ಥೆಗಳ ಆಡಳಿತ ಮಂಡಳಿಗಳ ಭಾವಚಿತ್ರ ನೋಡಿದವರಿಗೆ ಈ ಎರಡನೆಯ ನಿಯಮ ತುಸು ಭಾರವೆನಿಸೀತು!

ಸ್ಥಳೀಯ ಕಾರ್ಯಕ್ರಮಕ್ಕೆ ಮಾತ್ರ ನಮ್ಮಲ್ಲಿ ಬರವಿಲ್ಲ. ಮೊಹರಮ್ಮಿನ ರಿವಾಯತ ಪದಗಳನ್ನೇ ತೆಗೆದುಕೊಳ್ಳಿ. ಕರ್ಬಲಾದ ಕಥೆಯನ್ನು ಅಚ್ಚಕನ್ನಡದಲ್ಲಿ ಹಾಡುವ ಮೇಳಗಳಲ್ಲಿ ಹಿಂದೂ ಮುಸಲ್ಮಾನರು ಕೂಡಿ ಹಾಡಿದ್ದಾರೆ. ಮೊಹರಂ ಆಚರಣೆಯ ಬಗ್ಗೆ ನಮ್ಮಲ್ಲೇ ಭಿನ್ನಾಭಿಪ್ರಾಯವಿದೆ, ಅದು ಬೇರೆ ಚರ್ಚೆ. ಹಾಡು ಮಾತ್ರ ಈ ನೆಲದ್ದು, ಹಾಡುವವರಿಗೆ ವಯಸ್ಸಾಗುತ್ತಿದೆ. ಬೂದಿಕೋಟೆಯವರು ಪರವಾನಗಿಗೆ ಕಾಯದೆ ಟೇಪಿನಿಂದ ಆರಂಭಿಸಿದರೆಂದು ಮೇಲೆ ಹೇಳಿದೆ. ಇಂದು ನಮ್ಮ ವಿದ್ಯಾರ್ಥಿಗಳ ಜೇಬಿನಲ್ಲಿರುವ ಮೊಬೈಲು ಆ ಟೇಪಿಗಿಂತ ಒಳ್ಳೆಯ ಯಂತ್ರ. ತಮ್ಮ ಊರಿನಲ್ಲಿ ರಿವಾಯತ ಬಲ್ಲ ಹಿರಿಯರಿದ್ದರೆ, ಹಳೆಯ ಕಥೆ ಹೇಳುವ ಅಜ್ಜಿಯರಿದ್ದರೆ, ಅವರ ಒಪ್ಪಿಗೆ ಪಡೆದು ಈ ವರ್ಷವೇ ಒಂದೊಂದು ಗಂಟೆ ಮುದ್ರಿಸಿ ಕಾಲೇಜಿನ ಗ್ರಂಥಾಲಯಕ್ಕೆ ಒಪ್ಪಿಸಿರಿ. ಹಾಡಿದವರ ಹೆಸರು, ಊರು, ತಾರೀಖು ಬರೆಯಲು ಮರೆಯಬೇಡಿ.