ಮಳೆಗೆ ಇಂಚಿನ ಲೆಕ್ಕ ಇದೆ, ನಮ್ಮ ಗುಳಿಗನ ಕಲ್ಲಿಗೆ?



ನಮ್ಮ ಚೆಟ್ಟಳ್ಳಿಯಲ್ಲಿ ಮಳೆಗೆ ಪಕ್ಕಾ ಲೆಕ್ಕ ಇದೆ. ಕಾಫಿ ಸಂಶೋಧನಾ ಉಪಕೇಂದ್ರ ಇರೋದು ಇಲ್ಲೇ. ತೋಟದವರೂ ಎಷ್ಟು ಇಂಚು ಬಿತ್ತು ಅಂತ ಬರೆದಿಡ್ತಾರೆ. ಆ ಮಳೆ ಏನೇನು ಕೊಚ್ಕೊಂಡು ಹೋಯ್ತು ಅನ್ನೋ ಲೆಕ್ಕದಲ್ಲಿ ಮಾತ್ರ ನಮ್ಮವರ ಪಾಲು ಕಾಣಲ್ಲ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಜಾರಿತು. ಮರುವರ್ಷ ಕಾವೇರಿ ಉಕ್ಕಿ ನೆಲ್ಯಹುದಿಕೇರಿ, ಕರಡಿಗೋಡು, ಗುಹ್ಯದ ಹೊಳೆದಂಡೆ ಮನೆಗಳು ಮುಳುಗಿದವು. ಮನೆ, ತೋಟ, ರಸ್ತೆಯ ನಷ್ಟ ಎಣಿಸಿದರು. ಪರಂಪರೆ ಅಂದಾಗ ನೆನಪಾಗೋದು ಐನ್‌ಮನೆ, ದೇವಸ್ಥಾನ, ಮಡಿಕೇರಿ ಕೋಟೆ. ಅವೂ ಉಳೀಲಿ. ಆದರೆ ಲೈನ್‌ಮನೆ ಹಿಂದಿನ ಗುಳಿಗನ ಕಲ್ಲು, ಚೌಡಿ ಕಟ್ಟೆ, ತೋಟದಂಚಲ್ಲಿ ಹಿರಿಯರನ್ನು ಹೂತ ಜಾಗ, ನೀರಲ್ಲಿ ತೇಲಿಹೋದ ದುಡಿ ಯಾರ ಪಟ್ಟಿಯಲ್ಲಿವೆ?

ಇದಕ್ಕೊಂದು ಇತಿಹಾಸ ಇದೆ. ಜಮ್ಮಾ ಕಾಲದಲ್ಲಿ ನಮ್ಮ ಜನ ಜಮೀನಿನ ಜೊತೆಗೇ ಲೆಕ್ಕಕ್ಕೆ ಬಂದ ಆಳುಗಳು. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯ್ತು. 1843ರ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲ ಅಂತು. 1850ರ ದಶಕದಲ್ಲಿ ಯುರೋಪಿಯನ್ನರ ಕಾಫಿ ತೋಟ ಬಂತು, ಹಿಂದೆಯೇ ಲೈನ್‌ಮನೆ. ಧಣಿ ಬದಲಾದ, ನೆಲ ನಮ್ಮ ಹೆಸರಿಗೆ ಬರಲಿಲ್ಲ. ಪಹಣಿಯೇ ಇಲ್ಲದವನ ದೇವರಿಗೆ, ಗೋರಿಗೆ ದಾಖಲೆ ಎಲ್ಲಿಂದ ಬರಬೇಕು? ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆ ಕನಿಷ್ಠ 100 ವರ್ಷ ಹಳೆಯದಿರಬೇಕು ಅನ್ನುತ್ತೆ. ಒಂದು ಕಾಡುಕಲ್ಲಿನ ವಯಸ್ಸನ್ನು ಯಾವ ಕಾಗದ ತೋರಿಸಿ ಸಾಬೀತು ಮಾಡೋದು?

2015ರ ನೇಪಾಳ ಭೂಕಂಪದ ನಂತರ ಗುಡಿ, ವಿಹಾರಗಳು ಎಲ್ಲೆಲ್ಲಿ ಎಷ್ಟು ಹಾಳಾಗಿವೆ ಅಂತ ಜನರಿಂದಲೇ ಫೋಟೊ, ಮಾಹಿತಿ ತರಿಸಿಕೊಂಡು ನಕ್ಷೆಗೆ ಏರಿಸಿದರು. ಒಳ್ಳೇ ದಾರಿ. ಆದ್ರೆ ಫೋಟೊ ಬರೋದು ಫೋನು, ನೆಟ್‌ವರ್ಕು ಇರೋ ಕಡೆಯಿಂದ. ಹಾಗೇ ಬಿಟ್ಟರೆ ಊರ ನಡುವಿನ ಗುಡಿ ನಾಲ್ಕು ಸಲ ದಾಖಲಾಗುತ್ತೆ, ಕೇರಿಯ ಕಟ್ಟೆ ಒಮ್ಮೆಯೂ ಆಗಲ್ಲ. ವರದಿ ಬಂದಿಲ್ಲ ಅನ್ನೋದು ಕೊನೆಗೆ ನಷ್ಟವೇ ಆಗಿಲ್ಲ ಅಂತಾಗುತ್ತೆ.

ಅದಕ್ಕೇ ಕೇಳ್ತಿದೀನಿ, ಮಳೆಗೆ ಮೊದಲೇ ಎಣಿಸೋಣ. ಇದ್ದದ್ದೇ ದಾಖಲಾಗದಿದ್ರೆ ಹೋದದ್ದನ್ನು ತೋರಿಸೋಕಾಗಲ್ಲ. ಫೋಟೊ ತೆಗೀರಿ, ತಾರೀಖು ಹಾಕಿ. ಆ ಜಾಗವನ್ನು ಅಲ್ಲಿನ ಹಿರಿಯರು ಏನಂತ ಕರೀತಾರೋ ಅದೇ ಹೆಸರು ಬರೀರಿ, ಅವರ ಕಥೇನ ಅವರ ದನಿಯಲ್ಲೇ ರೆಕಾರ್ಡ್ ಮಾಡಿ. ಎಲ್ಲಾ ಅವರನ್ನು ಕೇಳಿಯೇ ಮಾಡಿ. ಹೂತ ಜಾಗದ ಗುರುತು ಮಾತ್ರ ಎಲ್ಲರಿಗೂ ಕಾಣೋ ನಕ್ಷೆಗೆ ಹಾಕಬೇಡಿ. ಹಕ್ಕುಪತ್ರ ಇಲ್ಲದವರ ತಲೆ ಮೇಲಿನ ಸೂರೂ ಹೋದೀತು. ಪಟ್ಟಿಯ ಒಂದು ಪ್ರತಿ ಆ ಕೇರಿಯಲ್ಲೇ ಇರಲಿ.

ಜೈ ಭೀಮ್.