ಚಮಚಾ: ಒಂದು ಬೈಗುಳದ ಇತಿಹಾಸ

ತಿಕೋಟಾ, ಬಬಲೇಶ್ವರದ ಸಂತೆಯಲ್ಲಾಗಲಿ, ವಿಜಯಪುರದ ಕಚೇರಿಗಳ ಮುಂದಿನ ಚಹಾದಂಗಡಿಯಲ್ಲಾಗಲಿ ಸ್ವಲ್ಪ ಹೊತ್ತು ನಿಂತರೆ ‘ಅಂವ ಸಾಹೇಬರ ಚಮಚಾ’ ಎಂಬ ಮಾತು ಕಿವಿಗೆ ಬೀಳುತ್ತದೆ. ಒಂಬತ್ತನೆಯ ತರಗತಿಯಲ್ಲಿದ್ದಾಗ ನಾನೂ ಈ ಶಬ್ದವನ್ನು ಒಬ್ಬ ಸಹಪಾಠಿಗೆ ಅಂಟಿಸಿದ್ದೆ. ಅವನು ಗಣಿತದ ಗುರುಗಳ ಪುಸ್ತಕ ಹಿಡಿದು ಬರುತ್ತಿದ್ದ, ಹಲಗೆ ಒರೆಸುತ್ತಿದ್ದ. “ಬಂದ ನೋಡ್ರಲೇ, ಮಾಸ್ತರ ಚಮಚಾ!” ಎಂದೆ. ಇಡೀ ವರ್ಗ ನಕ್ಕಿತು.

ಮುಂದೆ ಇತಿಹಾಸ ಓದುವಾಗ ಆ ಶಬ್ದದ ಬೆನ್ನು ಹತ್ತಿದೆ. ಚಮಚಾ ಫಾರ್ಸಿಯಿಂದ ಬಂದದ್ದು. ಅರ್ಥ ಊಟದ ಚಮಚ, ಅಷ್ಟೇ. 1490ರಿಂದ 1686ರವರೆಗೆ ಆದಿಲ್‌ಶಾಹಿ ಆಳಿದ ನಮ್ಮ ಸೀಮೆಗೆ ಫಾರ್ಸಿ ಹೊಸದಲ್ಲ. ದಫ್ತರ, ಕಾಗದ, ಜಮೀನು, ಶಿಫಾರಸು ಎಲ್ಲವೂ ಆ ದಾರಿಯಲ್ಲೇ ಬಂದವು. ಆದರೆ ಚಮಚಾ ಬೈಗುಳವಾದದ್ದು ಬಹಳ ಈಚೆಗೆ, ಹಿಂದಿ–ಉರ್ದು ಆಡುಮಾತಿನಲ್ಲಿ. 1982ರಲ್ಲಿ ಕಾನ್ಶಿರಾಮ್ ತಮ್ಮ ಪುಸ್ತಕಕ್ಕೆ ‘ಚಮಚಾ ಯುಗ’ ಎಂಬರ್ಥದ ಹೆಸರನ್ನೇ ಇಟ್ಟರು. ಚಮಚಕ್ಕೆ ತನ್ನದೆಂಬ ಹಸಿವಿಲ್ಲ; ಹಿಡಿದ ಕೈ ತಿರುಗಿಸಿದತ್ತ ತಿರುಗುತ್ತದೆ. ಬೈಗುಳದ ಮೊನೆ ಇರುವುದು ಅಲ್ಲಿ. ನಮ್ಮ ‘ಬಾಲಬಡುಕ’ ಎಂಬ ಮಾತಿಗೆ ನಾಯಿಯ ಬಾಲ ಸಾಕಾಯಿತು.

ಕೆಲವು ಶಬ್ದಗಳು ಮೇಲಿನಿಂದ ಕೆಳಗೆ ಬಿದ್ದಿವೆ. ಚೇಲಾ ಎಂದರೆ ಶಿಷ್ಯ. ಬಂಟ ಎಂದರೆ ವೀರ, ನಂಬಿಕಸ್ಥ ಸೇವಕ. ಸಂಸ್ಕೃತದ ‘ಭಟ’ದ ತದ್ಭವ. ಅರಬ್ಬಿಯಲ್ಲಿ ಗುಲಾಮ ಎಂದರೆ ಮೊದಲು ಹುಡುಗ ಎಂದೇ ಅರ್ಥ. ಆಫ್ರಿಕದಿಂದ ಗುಲಾಮನಾಗಿ ಬಂದ ಮಲಿಕ್ ಅಂಬರ್ ಕೆಲಕಾಲ ವಿಜಯಪುರದ ಸೇವೆಯಲ್ಲಿದ್ದು, ಮುಂದೆ ಅಹಮದ್‌ನಗರದ ಆಡಳಿತವನ್ನೇ ನಡೆಸಿ, 1626ರಲ್ಲಿ ತೀರಿಕೊಂಡ. ಅವನು ಮೊಘಲರ ದಂಡನ್ನೂ ಎದುರಿಸಿ ಕಾದಾಡಿದ. ಸೇವೆ ಮಾಡಿದವರೆಲ್ಲ ಚಮಚಾ ಅಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನನಗೆ ಈ ತಿಳಿವಳಿಕೆ ತಡವಾಗಿ ಬಂತು. ಆ ದಿನದ ನಂತರ ನನ್ನ ಸಹಪಾಠಿ ಗುರುಗಳ ಹತ್ತಿರ ಸುಳಿಯಲಿಲ್ಲ. ಸಂಜೆ ಅವರು ಅವನಿಗೆ ಪುಕ್ಕಟೆ ಗಣಿತ ಹೇಳಿಕೊಡುತ್ತಿದ್ದರು, ಅವನು ಪುಸ್ತಕ ಹೊರುತ್ತಿದ್ದುದು ಆ ಋಣಕ್ಕೆ ಎಂದು ತಿಳಿದದ್ದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ. ಅವನು ಗಣಿತ ಒಂದರಲ್ಲೇ ನಪಾಸಾಗಿದ್ದ. ಮತ್ತೆ ಪರೀಕ್ಷೆಗೆ ಕೂಡಲಿಲ್ಲ.

ಸುವರ್ಣ ಮಹೋತ್ಸವಕ್ಕೆ ಅವನೂ ಬರುತ್ತಾನೆಂದು ಕೇಳಿದ್ದೇನೆ. ಬಂದರೆ ಎಲ್ಲರೆದುರು ಅವನ ಕೈ ಹಿಡಿದು ತಪ್ಪೊಪ್ಪಿಕೊಳ್ಳುವೆ. ಈಗ ಓದುತ್ತಿರುವ ಮಕ್ಕಳಿಗೆ ನನ್ನದೊಂದೇ ಮಾತು: ಯಾರಿಗಾದರೂ ಚಮಚಾ ಎನ್ನುವ ಮುಂಚೆ, ಅವನು ಹೊತ್ತದ್ದು ಆಸೆಯೋ ಋಣವೋ ನೋಡಿರಿ.